ಶುಲ್ಕವಿಲ್ಲದ ಶಾಲೆಗೂ ತಗಲುವ ಖರ್ಚು: ದುಡಿಯುವ ಕುಟುಂಬದ ಮಗುವನ್ನು ಒಂದನೇ ತರಗತಿಗೆ ಸೇರಿಸುವ ಬಗೆ

ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಶುಲ್ಕವಿಲ್ಲ. ಪಠ್ಯಪುಸ್ತಕ, ಸಮವಸ್ತ್ರ, ಶೂ ಮತ್ತು ಸಾಕ್ಸ್, 2002ರಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟ, 2013ರಿಂದ ಕ್ಷೀರಭಾಗ್ಯದ ಹಾಲು, ಇವೆಲ್ಲವೂ ಮಗುವಿಗೆ ಉಚಿತವಾಗಿಯೇ ಸಿಗುತ್ತವೆ. ಹೀಗಿದ್ದೂ ಥಣಿಸಂದ್ರ, ತೂಬರಹಳ್ಳಿ, ಬೆಳ್ಳಂದೂರು, ಕೆಂಗೇರಿ ಕಡೆಯ ತಗಡಿನ ಶೆಡ್ಡುಗಳ ನಡುವೆ ಕೆಲಸದ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಹೋಗಿ ನಿಂತರೆ, ತರಗತಿಯಲ್ಲಿರಬೇಕಾದ ಆರು-ಏಳು ವರ್ಷದ ಮಕ್ಕಳು ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು ನೀರಿನ ಡ್ರಮ್ಮಿನ ಬಳಿ ನಿಂತಿರುವುದು ಕಾಣುತ್ತದೆ. ಸಮೀಕ್ಷೆಯ ನಮೂನೆಯಲ್ಲಿ ಇದಕ್ಕೆ 'ಪೋಷಕರ ನಿರಾಸಕ್ತಿ' ಎಂದು ಷರಾ ಬರೆಯುವುದು ರೂಢಿ. ದಾಖಲಾತಿಯ ಕೆಲಸಕ್ಕಾಗಿ ಕೆಲವು ವರ್ಷಗಳಿಂದ ಮನೆ ಮನೆ ತಿರುಗುತ್ತಿರುವ ನನಗೆ, ಆ ಷರಾದ ಅಡಿಯಲ್ಲಿ ಹೆಚ್ಚಿನ ಸಲ ಯಾವುದೋ ಒಂದು ಖರ್ಚು ಅಡಗಿರುವುದು ಕಂಡಿದೆ. ಅದು ಕೈತಪ್ಪುವ ದಿನಗೂಲಿ ಇರಬಹುದು, ಕೂಸನ್ನು ನೋಡಿಕೊಳ್ಳುವವರಿಲ್ಲದ ತಾಪತ್ರಯ ಇರಬಹುದು, ಇಲ್ಲದ ಕಾಗದಕ್ಕಾಗಿ ಮಾಡಬೇಕಾದ ಓಡಾಟ ಇರಬಹುದು, ಹಿಂದಿನ ಶಾಲೆಯಲ್ಲಿ ಉಳಿಸಿಬಂದ ಬಾಕಿಯೂ ಇರಬಹುದು.

ಆ ಖರ್ಚು ಯಾವುದೆಂದು ಪತ್ತೆಹಚ್ಚಿ, ಅದನ್ನು ದಾಟಿಸಿ ಮಗುವನ್ನು ಶಾಲೆಗೆ ಸೇರಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಅಂಗನವಾಡಿ ಕಾರ್ಯಕರ್ತೆಯರು, ತಮ್ಮ ಮನೆಗೆಲಸದವರ ಮಗುವನ್ನು ಶಾಲೆಗೆ ಸೇರಿಸಲು ನೆರವಾಗಬೇಕೆಂದಿರುವ ಅಪಾರ್ಟ್‌ಮೆಂಟಿನವರು, ಹಾಗೆಯೇ ಸ್ವತಃ ತಂದೆತಾಯಿಗಳು ಇದನ್ನು ಬಳಸಿಕೊಳ್ಳಬಹುದು.

ಮನೆಯ ಲೆಕ್ಕ ಕೇಳುವ ಕ್ರಮ

'ತಿಂಗಳಿಗೆ ಎಷ್ಟು ಸಂಪಾದನೆ?' ಎಂಬ ಪ್ರಶ್ನೆಯಿಂದ ಮಾತು ಆರಂಭಿಸಬೇಡಿ. ರೇಷನ್ ಕಾರ್ಡ್ ರದ್ದುಮಾಡಲು ಬಂದವರೆಂದು ಭಾವಿಸಿ ಕೆಲವರು ಕಡಿಮೆ ಹೇಳುತ್ತಾರೆ, ಮರ್ಯಾದೆಗೆ ಅಂಜಿ ಕೆಲವರು ಹೆಚ್ಚು ಹೇಳುತ್ತಾರೆ. ಎರಡೂ ನಮ್ಮ ಕೆಲಸಕ್ಕೆ ಬರುವುದಿಲ್ಲ. ಬಟವಾಡೆ ವಾರಕ್ಕೋ ತಿಂಗಳಿಗೋ, ಮೇಸ್ತ್ರಿಯಿಂದ ಮುಂಗಡ ಪಡೆದಿದ್ದಾರೆಯೇ, ಅರ್ಧ ದಿನ ಬಿಡುವು ಮಾಡಿಕೊಂಡರೆ ಅರ್ಧ ಕೂಲಿಯಾದರೂ ಸಿಗುತ್ತದೆಯೇ ಅಥವಾ ಇಡೀ ದಿನದ್ದು ಹೋಗುತ್ತದೆಯೇ, ವಾಸ ಮಾಲೀಕರು ಕೊಟ್ಟ ಶೆಡ್ಡಿನಲ್ಲೋ ಬಾಡಿಗೆ ಮನೆಯಲ್ಲೋ, ಊರಿಗೆ ಹೋಗುವುದು ಯಾವಾಗ, ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ಮನೆಯಲ್ಲಿ ಯಾರಿರುತ್ತಾರೆ, ಇಷ್ಟನ್ನು ಮಾತಿನ ನಡುವೆ ಕೇಳಿ ತಿಳಿದುಕೊಂಡರೆ ಆದಾಯದ ಅಂಕಿಗಿಂತ ಹೆಚ್ಚಿನ ವಿಷಯ ಕೈಗೆ ಬರುತ್ತದೆ. ಹೋಗುವುದಾದರೆ ಭಾನುವಾರ ಬೆಳಿಗ್ಗೆಯೇ ಹೋಗಬೇಕು. ಕೆಲಸದ ದಿನ ಶೆಡ್ಡಿನಲ್ಲಿ ತೀರ್ಮಾನ ತೆಗೆದುಕೊಳ್ಳಬಲ್ಲ ದೊಡ್ಡವರು ಇರುವುದೇ ಇಲ್ಲ.

ದಿನಗೂಲಿಯ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡುವುದು ಒಳ್ಳೆಯದು. ಗಾರೆ ಕೆಲಸದ ಹೆಣ್ಣಾಳಿಗೆ ದಿನಕ್ಕೆ ₹600 ಕೂಲಿ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಶಾಲೆಗೆ ಒಮ್ಮೆ ಬಂದು ವಿಚಾರಿಸಿದಳು, ಜನನ ಪ್ರಮಾಣಪತ್ರ ತನ್ನಿ ಎಂದರು. ಅದಕ್ಕಾಗಿ ಮತ್ತೊಂದು ದಿನ ಹೋಯಿತು. ಮೂರನೆಯ ಸಲ ಬಂದಾಗ ಮುಖ್ಯೋಪಾಧ್ಯಾಯರು ಸಭೆಗೆ ಹೋಗಿದ್ದರು. ನಾಲ್ಕನೆಯ ಸಲ ತಂದೆಯನ್ನು ಕರೆತನ್ನಿ ಎಂದರು. ತಂದೆಯ ಕೂಲಿಯನ್ನು ಬಿಟ್ಟು ಎಣಿಸಿದರೂ ₹2,400 ಆಯಿತು. ಶುಲ್ಕವಿಲ್ಲದ ಶಾಲೆಗೆ ಆಕೆ ಕಟ್ಟಿದ ಪ್ರವೇಶ ಶುಲ್ಕ ಅದು. ಐದನೆಯ ಸಲ ಅವಳು ಬಾರದಿದ್ದರೆ ಅದನ್ನು ನಿರಾಸಕ್ತಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ನೆರವಾಗಲು ಹೊರಟವರು ಮಾಡಬಹುದಾದ ಮೊದಲ ಉಪಕಾರವೆಂದರೆ ಈ ನಾಲ್ಕು ಓಡಾಟವನ್ನು ಒಂದಕ್ಕೆ ಇಳಿಸುವುದು. ಕಾಗದಗಳನ್ನು ಮುಂಚೆಯೇ ನೋಡಿ, ಶಾಲೆಗೆ ಫೋನ್ ಮಾಡಿ ಮುಖ್ಯ ಶಿಕ್ಷಕರು ಇರುವ ದಿನವನ್ನು ಖಚಿತಪಡಿಸಿಕೊಂಡು, ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೇ ತಾಯಿ-ಮಗುವನ್ನು ಅಲ್ಲಿಗೆ ಮುಟ್ಟಿಸಬೇಕು.

ಮಾತಿನ ವಿಷಯದಲ್ಲೂ ಒಂದು ಎಚ್ಚರಿಕೆ ಬೇಕು. ನಮ್ಮ ಜೊತೆ ಬಂದಿದ್ದ ಬೆಂಗಳೂರಿನ ಹುಡುಗನೊಬ್ಬ ಹೆಣ್ಣೂರಿನ ಬಳಿಯ ಶೆಡ್ಡಿನಲ್ಲಿ ಯಾದಗಿರಿ ಕಡೆಯ ತಾಯಿಯೊಬ್ಬಳನ್ನು ಮಗುವಿನ ಬಗ್ಗೆ ಕೇಳಿದ. "ಸಾಲಿಗೆ ಕಳಸಾಕ ನಮಗೇನೂ ಬ್ಯಾಸರಿಲ್ರಿ ಅಣ್ಣಾರ, ಸಣ್ಣ ಕೂಸನ್ನ ಯಾರು ನೋಡ್ಕೋಬೇಕ್ರಿ?" ಎಂದಳು. ಶಾಲೆಗೆ ಅವಳಾಡಿದ 'ಸಾಲಿ' ಎಂಬ ಮಾತನ್ನು ಅವನು ಸಾಲವೆಂದು ತಿಳಿದು, ಕುಟುಂಬಕ್ಕೆ ಸಾಲದ ತೊಂದರೆ ಇದೆ ಎಂದು ಪುಸ್ತಕದಲ್ಲಿ ಬರೆದುಕೊಂಡ. ಅಲ್ಲಿದ್ದ ತೊಂದರೆ ಎಂಟು ತಿಂಗಳ ಕೂಸು. ಕಲ್ಯಾಣ ಕರ್ನಾಟಕದ ಮಾತು ಬಲ್ಲವರೊಬ್ಬರು ಜೊತೆಗಿದ್ದರೆ ಇಂತಹ ತಪ್ಪುಗಳು ಆಗುವುದಿಲ್ಲ. ತೆಲುಗು, ತಮಿಳು, ಉರ್ದು, ಬಂಗಾಳಿ ಆಡುವ ವಸತಿಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಊರಿನಲ್ಲಿ ಹೆಸರು, ನಗರದಲ್ಲಿ ಮಗು

ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಯಾದಗಿರಿ, ರಾಯಚೂರು, ಕಲಬುರಗಿಯಿಂದ ಬರುವ ಕುಟುಂಬಗಳಲ್ಲಿ ಅನೇಕವು ಮಳೆಯನ್ನು ನೋಡಿಕೊಂಡು ಓಡಾಡುತ್ತವೆ. ಮುಂಗಾರಿನ ಬಿತ್ತನೆಯ ಹೊತ್ತಿಗೆ ಊರಿನಲ್ಲಿರುತ್ತಾರೆ, ಸುಗ್ಗಿ ಮುಗಿದು ದೀಪಾವಳಿ ಕಳೆದ ಮೇಲೆ ಇಲ್ಲಿಗೆ ಬರುತ್ತಾರೆ, ಯುಗಾದಿಗೋ ಊರ ಜಾತ್ರೆಗೋ ಹಿಂದಿರುಗುತ್ತಾರೆ. ಶಾಲೆಯ ವರ್ಷವಾದರೋ ಜೂನ್‌ನಿಂದ ಏಪ್ರಿಲ್ ಆರಂಭದವರೆಗೆ. ಹೀಗಾಗಿ ಜೂನ್‌ನಲ್ಲಿ ಊರಿನ ಶಾಲೆಯ ರಿಜಿಸ್ಟರಿಗೆ ಮಗುವಿನ ಹೆಸರು ಏರುತ್ತದೆ, ನವೆಂಬರ್‌ನಲ್ಲಿ ಮಗು ಇಲ್ಲಿಗೆ ಬರುತ್ತದೆ. ಇಲ್ಲಿನ ಶಾಲೆಯಲ್ಲಿ ಎಸ್‌ಎಟಿಎಸ್ ಎಂಬ, ರಾಜ್ಯದ ಶಾಲಾಮಕ್ಕಳ ದಾಖಲೆಯಿರುವ ತಂತ್ರಾಂಶ ತೆರೆದು ನೋಡಿದರೆ ಹೆಸರು ಅಲ್ಲಿಯೇ ಇದೆ ಎಂದು ತೋರಿಸುತ್ತದೆ. ಅಂಕಿಅಂಶದಲ್ಲಿ ಅದು ದಾಖಲಾದ ಮಗು, ಕಣ್ಣೆದುರು ಮಾತ್ರ ಶಾಲೆಯಿಲ್ಲದ ಮಗು. ಒಟ್ಟು ದಾಖಲಾತಿಯ ಪ್ರಮಾಣವನ್ನು ಮಾತ್ರ ನೋಡಿ ಎಲ್ಲವೂ ಸರಿಯಾಗಿದೆ ಎನ್ನುವವರು ಈ ಮಕ್ಕಳನ್ನು ಎಂದೂ ಕಾಣಲಾರರು. 2013ರಲ್ಲಿ ಶಾಲೆಯಿಂದ ಹೊರಗುಳಿದ ಮಕ್ಕಳ ಕುರಿತ ಪತ್ರಿಕಾ ವರದಿಯನ್ನೇ ಆಧಾರವಾಗಿಟ್ಟುಕೊಂಡು ಕರ್ನಾಟಕ ಹೈಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡದ್ದು ಇಂತಹ ಮಕ್ಕಳ ಲೆಕ್ಕ ಎಲ್ಲಿದೆ ಎಂಬ ಪ್ರಶ್ನೆಯಿಂದಲೇ.

ಇದಕ್ಕೆ ಮಾಡಬೇಕಾದುದು ಇಷ್ಟು. ಮಗು ಊರಿನಲ್ಲಿ ಶಾಲೆಗೆ ಹೋಗುತ್ತಿತ್ತೇ ಎಂದು ಕೇಳಿ, ಹೋಗುತ್ತಿತ್ತೆಂದರೆ ಊರು, ತಾಲ್ಲೂಕು, ಶಾಲೆಯ ಹೆಸರು ಮತ್ತು ಸಾಧ್ಯವಾದರೆ ಅಲ್ಲಿನ ಶಿಕ್ಷಕರ ಫೋನ್ ನಂಬರನ್ನು ಬರೆದುಕೊಳ್ಳಿ. ತಂದೆತಾಯಿಗೆ ನೆನಪಿಲ್ಲದಿದ್ದರೆ ಅದೇ ಊರಿನಿಂದ ಬಂದ ದೊಡ್ಡ ಮಕ್ಕಳು ಹೇಳಿಬಿಡುತ್ತಾರೆ. ಮಕ್ಕಳಿಗೆ ಮೇಷ್ಟ್ರ ಹೆಸರು ಮರೆಯುವುದಿಲ್ಲ. ಇಲ್ಲಿನ ಮುಖ್ಯ ಶಿಕ್ಷಕರು ಅಲ್ಲಿನವರೊಂದಿಗೆ ಮಾತಾಡಿದರೆ ಎಸ್‌ಎಟಿಎಸ್‌ನಲ್ಲಿ ವರ್ಗಾವಣೆಯ ಕೆಲಸ ಮುಂದೆ ಸಾಗುತ್ತದೆ, ವರ್ಗಾವಣೆ ಪತ್ರಕ್ಕಾಗಿ (ಟಿಸಿ) ಯಾರೂ ಏಳೆಂಟು ನೂರು ರೂಪಾಯಿ ಬಸ್ ಚಾರ್ಜ್ ಕೊಟ್ಟು ಊರಿಗೆ ಹೋಗಿಬರಬೇಕಾಗಿಲ್ಲ. ಶಿಕ್ಷಣ ಹಕ್ಕು ಕಾಯಿದೆಯ 5ನೇ ಸೆಕ್ಷನ್ ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಟಿಸಿ ತಡವಾಯಿತೆಂಬ ಕಾರಣಕ್ಕೆ ಪ್ರವೇಶವನ್ನು ನಿರಾಕರಿಸುವಂತಿಲ್ಲ, ತಡಮಾಡಿದ ಶಾಲೆಯ ಮುಖ್ಯಸ್ಥರೇ ಶಿಸ್ತುಕ್ರಮಕ್ಕೆ ಗುರಿಯಾಗುತ್ತಾರೆ. ಹಾಗೆಯೇ 15ನೇ ಸೆಕ್ಷನ್ ಪ್ರಕಾರ ಪ್ರವೇಶದ ಅವಧಿ ಮುಗಿದ ಮೇಲೆ ಬಂದ ಮಗುವನ್ನೂ ಸೇರಿಸಿಕೊಳ್ಳಲೇಬೇಕು. 'ಅಡ್ಮಿಷನ್ ಮುಗಿಯಿತು, ಜೂನ್‌ನಲ್ಲಿ ಬನ್ನಿ' ಎಂಬ ಮಾತು ಈ ಕುಟುಂಬಗಳಿಗೆ ಮುಂದಿನ ವರ್ಷವೂ ಬೇಡ ಎಂದು ಹೇಳಿದಂತೆಯೇ ಆಗುತ್ತದೆ, ಏಕೆಂದರೆ ಜೂನ್‌ನಲ್ಲಿ ಅವರು ಇಲ್ಲಿರುವುದಿಲ್ಲ.

ಎಂಟು ವರ್ಷ ತುಂಬಿಯೂ ಒಮ್ಮೆಯೂ ಶಾಲೆಗೆ ಹೋಗದ ಮಗುವನ್ನು ಒಂದನೇ ತರಗತಿಯ ಪುಟಾಣಿಗಳ ನಡುವೆ ಕೂರಿಸುವ ಅಗತ್ಯವಿಲ್ಲ. 4ನೇ ಸೆಕ್ಷನ್ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಸರಿಸಮನಾಗಲು ವಿಶೇಷ ತರಬೇತಿ ಕೊಡಬೇಕೆನ್ನುತ್ತದೆ. ಚಿಕ್ಕ ತರಗತಿಗಳಿಗೆ ಬಂದರೆ ನಮ್ಮ ರಾಜ್ಯದಲ್ಲಿ ಇನ್ನೊಂದು ಅನುಕೂಲವೂ ಇದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಮೊಳೆತು, ನಂತರ ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿಯಲ್ಲಿ ಪ್ರತಿ ಮಗುವೂ ಕಲಿಕೆಯ ಏಣಿಯಲ್ಲಿ ತನ್ನದೇ ಮೆಟ್ಟಿಲಿನಿಂದ ಹತ್ತುತ್ತದೆ. ನವೆಂಬರ್‌ನಲ್ಲಿ ಬಂದ ಮಗುವಿಗೆ 'ಪಾಠ ಮುಂದೆ ಹೋಗಿದೆ' ಎನ್ನಬೇಕಾದ ಪ್ರಸಂಗ ಅಲ್ಲಿ ಬರುವುದಿಲ್ಲ. ತಡವಾಗಿ ಸೇರಿದರೆ ಏನು ಪ್ರಯೋಜನ ಎಂದು ಕೇಳುವ ತಂದೆತಾಯಿಗೆ ಇದನ್ನು ಬಿಡಿಸಿ ಹೇಳಿ.

ಕಾಗದಪತ್ರದ ಬಡತನ

2011ರ ಜನಗಣತಿಯಂತೆ ಬೆಂಗಳೂರು ನಗರ ಜಿಲ್ಲೆಯ ಸಾಕ್ಷರತೆ ಶೇ. 87ನ್ನು ದಾಟಿದ್ದರೆ ಯಾದಗಿರಿಯದು ಶೇ. 52ರ ಆಸುಪಾಸಿನಲ್ಲಿತ್ತು. ಇಂದು ಆರು ವರ್ಷದ ಮಗುವನ್ನು ಕೈಹಿಡಿದು ಬರುವ ತಾಯಂದಿರಲ್ಲಿ ಹಲವರು ಆ ಗಣತಿಯ ಹೊತ್ತಿಗೆ ತಾವೇ ಶಾಲೆಯ ವಯಸ್ಸಿನಲ್ಲಿದ್ದು ಶಾಲೆಗೆ ಹೋಗದವರು. ಅರ್ಜಿ ತುಂಬುವುದು, ಹೆಸರಿನ ಕಾಗುಣಿತ ಎಲ್ಲ ಕಡೆ ಒಂದೇ ಇರುವಂತೆ ನೋಡಿಕೊಳ್ಳುವುದು ಅವರಿಗೆ ಕೂಲಿಗಿಂತ ಕಷ್ಟದ ಕೆಲಸ. ಅವರ ಆಧಾರ್ ಕಾರ್ಡ್ ನೋಡಿದರೆ ಗಂಡ, ಹೆಂಡತಿ, ಅತ್ತೆ ಮೂವರೂ ಜನವರಿ 1ರಂದೇ ಹುಟ್ಟಿದವರಾಗಿರುವುದೂ ಉಂಟು! ನಗುವ ವಿಷಯವೇನಲ್ಲ, ಹುಟ್ಟಿದ ದಿನವನ್ನು ಯಾರೂ ಬರೆದಿಡದ ಮನೆಗಳು ಅವು.

ಮಗುವಿನ ಮಟ್ಟಿಗೆ ನೆನಪಿಡಬೇಕಾದದ್ದು ಕಾಯಿದೆಯ 14ನೇ ಸೆಕ್ಷನ್. ವಯಸ್ಸಿನ ಪುರಾವೆ ಇಲ್ಲವೆಂಬ ಕಾರಣಕ್ಕೆ ಯಾವ ಮಗುವಿಗೂ ಪ್ರವೇಶ ನಿರಾಕರಿಸುವಂತಿಲ್ಲ. ಜನನ ಪ್ರಮಾಣಪತ್ರ ಇಲ್ಲದಿದ್ದರೆ ಆಸ್ಪತ್ರೆಯ ಅಥವಾ ದಾದಿಯರ ದಾಖಲೆ, ಅಂಗನವಾಡಿಯ ದಾಖಲೆ, ಅದೂ ಇಲ್ಲದಿದ್ದರೆ ತಂದೆ ಅಥವಾ ತಾಯಿ ವಯಸ್ಸನ್ನು ತಿಳಿಸಿ ಬರೆದುಕೊಡುವ ಘೋಷಣೆ ನಡೆಯುತ್ತದೆ. ಬಸುರಿದ್ದಾಗ ಕೊಟ್ಟ ತಾಯಿ ಕಾರ್ಡನ್ನು ಮೊದಲು ಕೇಳಿ. ಬೇರೆ ಎಲ್ಲ ಕಾಗದ ಕಳೆದುಹೋದ ಮನೆಯಲ್ಲೂ ಲಸಿಕೆಯ ದಿನಾಂಕಗಳಿರುವ ಆ ಕಾರ್ಡು ಟ್ರಂಕಿನ ತಳದಲ್ಲಿ, ಸೀರೆಯ ಮಡಿಕೆಯೊಳಗೆ ಇರುತ್ತದೆ. ಆಧಾರ್ ಇಲ್ಲದ ಕಾರಣಕ್ಕೆ ಶಾಲಾ ಪ್ರವೇಶವನ್ನು ತಡೆಯುವಂತಿಲ್ಲವೆಂಬುದನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್‌ನ ತೀರ್ಪಿನಲ್ಲಿ ಹೇಳಿದೆ. ಆದರೂ ಸೇರಿದ ನಂತರ ಬಿಡುವು ಮಾಡಿಕೊಂಡು ಆಧಾರ್ ಮಾಡಿಸಿಡುವುದು ಜಾಣತನ, ಏಕೆಂದರೆ ವಿದ್ಯಾರ್ಥಿವೇತನದ ರಾಜ್ಯ ಪೋರ್ಟಲಿನಲ್ಲಿ ಆಧಾರ್‌ನ ಹೆಸರೂ ಶಾಲೆಯ ದಾಖಲೆಯ ಹೆಸರೂ ಹೊಂದದಿದ್ದರೆ ಹಣ ಬರುವುದಿಲ್ಲ. ಪ್ರವೇಶದ ದಿನವೇ ಹೆಸರನ್ನು ಅಕ್ಷರ ಅಕ್ಷರ ಓದಿ ಬರೆಸಿದರೆ ಮುಂದೆ ಎಷ್ಟೋ ಓಡಾಟ ಉಳಿಯುತ್ತದೆ.

ಎರಡು ವಿಷಯಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮಕ್ಕೆ 2025-26ರಲ್ಲಿ ಐದು ವರ್ಷ ಐದು ತಿಂಗಳವರೆಗೆ ಸಡಿಲಿಕೆ ಕೊಟ್ಟಿದ್ದರು. ಆದ್ದರಿಂದ ಆಯಾ ವರ್ಷದ ಸುತ್ತೋಲೆಯನ್ನು ನೆರೆಯ ಶಾಲೆಗಳ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯಾದ ಸಿಆರ್‌ಪಿಯಿಂದ ಕೇಳಿ ಪಡೆದೇ ಮಾತಾಡಬೇಕು. ಇನ್ನೊಂದು, ಜನನ-ಮರಣ ನೋಂದಣಿ ಕಾಯಿದೆಗೆ 2023ರಲ್ಲಿ ಬಂದ ತಿದ್ದುಪಡಿಯಿಂದಾಗಿ ಆ ವರ್ಷದ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೇ ಜನ್ಮದಿನದ ಮುಖ್ಯ ಪುರಾವೆ. ಆ ಮಕ್ಕಳು ಒಂದನೇ ತರಗತಿಗೆ ಬರುವುದು 2030ರ ಸುಮಾರಿಗೆ. ಇಂದು ಶೆಡ್ಡಿನಲ್ಲಿ ತೆವಳುತ್ತಿರುವ, ತೊದಲುತ್ತಿರುವ ಕೂಸುಗಳೇ ಅವರು. ಹುಟ್ಟಿದ 21 ದಿನದೊಳಗಿನ ನೋಂದಣಿ ಸುಲಭ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ಅಕ್ಕನನ್ನು ಶಾಲೆಗೆ ಸೇರಿಸಲು ಹೋದ ದಿನವೇ ತಮ್ಮನ ನೋಂದಣಿಯಾಗಿದೆಯೇ ಎಂದು ಕೇಳಿ ನೋಡಿ.

ಕಂಕುಳ ಕೂಸು ಮತ್ತು ಹತ್ತು ಗಂಟೆಯ ಗಂಟೆ

ಬಡ ಮನೆಯಲ್ಲಿ ಆರು-ಏಳು ವರ್ಷದ ಹೆಣ್ಣುಮಗು ಕೂಲಿ ತರದಿದ್ದರೂ, ಅವಳು ಕೂಸನ್ನು ನೋಡಿಕೊಳ್ಳುವುದರಿಂದಲೇ ತಾಯಿ ಕೂಲಿಗೆ ಹೋಗಲು ಸಾಧ್ಯವಾಗಿರುತ್ತದೆ. ಅವಳು ಶಾಲೆಗೆ ಹೊರಟರೆ ತಾಯಿಯ ಒಂದು ದಿನದ ಕೂಲಿ ನಿಲ್ಲುತ್ತದೆ. ಆದ್ದರಿಂದ ಅಕ್ಕನ ದಾಖಲಾತಿಯ ಕೆಲಸ ಕೂಸಿನಿಂದಲೇ ಆರಂಭವಾಗಬೇಕು. ಮೂರು ವರ್ಷ ದಾಟಿದ ಮಗುವಾದರೆ ಹತ್ತಿರದ ಅಂಗನವಾಡಿಗೆ ಸೇರಿಸಿ, ಸಾಧ್ಯವಾದರೆ ಶಾಲೆಯ ಆವರಣದಲ್ಲೇ ಇರುವ ಅಂಗನವಾಡಿಯನ್ನು ಆರಿಸಿಕೊಳ್ಳಿ. ಅಕ್ಕ-ತಮ್ಮ ಒಟ್ಟಿಗೆ ಹೋಗಿ ಒಟ್ಟಿಗೆ ಬರುತ್ತಾರೆ. ಮೂರರೊಳಗಿನ ಕೂಸಿನದೇ ನಿಜವಾದ ಕಷ್ಟ. ಐವತ್ತು ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂಬ ಕಾನೂನಿದ್ದರೂ ಗುತ್ತಿಗೆಯ ಮೇಲೆ ಗುತ್ತಿಗೆ ಕೊಟ್ಟ ನಿವೇಶನಗಳಲ್ಲಿ ನೌಕರರು ಯಾರ ಲೆಕ್ಕದಲ್ಲೂ ಐವತ್ತು ಆಗುವುದಿಲ್ಲ. ಅಂತಹ ಕಡೆ ಒಂದೇ ಸಾಲಿನ ನಾಲ್ಕೈದು ಶೆಡ್ಡಿನವರು ಸೇರಿ, ಕೆಲಸಕ್ಕೆ ಹೋಗಲಾಗದ ಅಜ್ಜಿಯೊಬ್ಬರಿಗೆ ದಿನಕ್ಕಿಷ್ಟು ಎಂದು ಕೊಟ್ಟು ಕೂಸುಗಳನ್ನು ಬಿಟ್ಟುಹೋಗುವ ಏರ್ಪಾಡು ನಡೆದದ್ದನ್ನು ನೋಡಿದ್ದೇನೆ. ಅದನ್ನು ಆದರ್ಶವೆಂದು ಹೇಳಲಾರೆ, ಆದರೆ ಆ ಸಾಲಿನ ಮೂವರು ಹುಡುಗಿಯರು ಶಾಲೆ ಸೇರಿದ್ದು ಅದರಿಂದ.

ಗಾರ್ಮೆಂಟ್ಸ್ ಕೆಲಸದ ತಾಯಂದಿರ ತೊಂದರೆ ಬೇರೆ ಬಗೆಯದು. ಬೊಮ್ಮನಹಳ್ಳಿ, ಪೀಣ್ಯ, ಮೈಸೂರು ರಸ್ತೆಯ ಕಾರ್ಖಾನೆಗಳಲ್ಲಿ ಒಂಬತ್ತು ಗಂಟೆಯ ಸುಮಾರಿಗೆ ಪಂಚ್ ಆಗಬೇಕು, ಹತ್ತು ನಿಮಿಷ ತಡವಾದರೂ ಬೈಗುಳ ಅಥವಾ ಕಡಿತ. ಸರ್ಕಾರಿ ಶಾಲೆಯ ಗಂಟೆ ಹೊಡೆಯುವುದು ಹತ್ತರ ಹೊತ್ತಿಗೆ, ಬಿಡುವುದು ನಾಲ್ಕು ದಾಟಿದ ಮೇಲೆ, ತಾಯಿ ಮನೆ ಸೇರುವುದು ಏಳಕ್ಕೆ. ಬೆಳಿಗ್ಗೆಯ ಒಂದು ಗಂಟೆ, ಸಂಜೆಯ ಎರಡೂವರೆ ಗಂಟೆ ಮಗು ಎಲ್ಲಿರಬೇಕು ಎಂಬ ಪ್ರಶ್ನೆಗೆ ಉತ್ತರವಿಲ್ಲದೆ, ಬೆಳಿಗ್ಗೆ ಎಂಟಕ್ಕೇ ವ್ಯಾನು ಕಳಿಸುವ, ಸಂಜೆ ಟ್ಯೂಷನ್ನನ್ನೂ ಇಟ್ಟುಕೊಂಡಿರುವ ಖಾಸಗಿ ಶಾಲೆಗೆ ಅವರು ಸಾಲ ಮಾಡಿ ಸೇರಿಸುತ್ತಾರೆ. ಇಂಗ್ಲಿಷಿನ ಮೋಹ ಎಂದು ನಾವು ಸುಲಭವಾಗಿ ಅಂದುಬಿಡುವ ನಿರ್ಧಾರದ ಹಿಂದೆ ಎಷ್ಟೋ ಸಲ ಈ ಮೂರೂವರೆ ಗಂಟೆಗಳಿರುತ್ತವೆ. ಮುಖ್ಯ ಶಿಕ್ಷಕರನ್ನು ಕೇಳಿದರೆ ಒಂಬತ್ತಕ್ಕೇ ಗೇಟು ತೆರೆಸಿಡಲು ಹಲವರು ಒಪ್ಪುತ್ತಾರೆ, ಬಿಸಿಯೂಟದ ಅಡುಗೆಯವರು ಆ ಹೊತ್ತಿಗೆ ಬಂದೇ ಇರುತ್ತಾರೆ. ಸಂಜೆಗೆ ಹತ್ತಿರದ ಗ್ರಂಥಾಲಯವೋ ಸಂಘದ ಕೊಠಡಿಯೋ ಸಿಗುತ್ತದೆಯೇ ಎಂದು ಎಸ್‌ಡಿಎಂಸಿ ಸಭೆಯಲ್ಲಿ ಕೇಳಬೇಕು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ತಾಯಿಗೂ ಹೆಣ್ಣುಮಗುವಿಗೂ ಸಾಮಾನ್ಯ ಬಿಎಂಟಿಸಿ ಬಸ್ಸಿನಲ್ಲಿ ಟಿಕೆಟ್ ಹಣ ಕೊಡಬೇಕಾಗಿಲ್ಲ, ಆದ್ದರಿಂದ ಕಾರ್ಖಾನೆಯ ದಾರಿಯಲ್ಲಿರುವ ಶಾಲೆಯನ್ನೂ ಆಯ್ಕೆಯಲ್ಲಿ ಸೇರಿಸಿಕೊಳ್ಳಬಹುದು.

ಕಾನ್ವೆಂಟಿನ ಲೆಕ್ಕ

'ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು' ಎಂಬ ಗಾದೆಯನ್ನು, ಮನೆಗೆಲಸ ಮಾಡಿ ಮಗನನ್ನು ಕಾನ್ವೆಂಟಿಗೆ ಕಳಿಸುವ ತಾಯಿಯ ಮೇಲೆ ಪ್ರಯೋಗಿಸುವವರನ್ನು ಕಂಡಿದ್ದೇನೆ. ತಮ್ಮ ಮಕ್ಕಳನ್ನು ಎಲ್ಲಿ ಓದಿಸುತ್ತಿದ್ದಾರೆ ಎಂದು ಅವರನ್ನು ಕೇಳಬೇಕು. ಆಕೆಯ ಆಸೆಯನ್ನು ಗೌರವಿಸುತ್ತಲೇ, ಲೆಕ್ಕವನ್ನು ಪೂರ್ತಿಯಾಗಿ ಹಾಕಿಸುವುದು ನಮ್ಮ ಕೆಲಸ. ಎಲ್‌ಕೆಜಿಯ ಶುಲ್ಕ ಒಂದನ್ನೇ ನೋಡಬಾರದು. ಪ್ರವೇಶದ ಹಣ, ಪುಸ್ತಕ, ಎರಡು ಬಗೆಯ ಸಮವಸ್ತ್ರ, ಶೂ, ವ್ಯಾನು, ವಾರ್ಷಿಕೋತ್ಸವದ ವಸೂಲಿ, ಮನೆಯಲ್ಲಿ ಹೇಳಿಕೊಡುವವರಿಲ್ಲದ ಕಾರಣಕ್ಕೆ ಟ್ಯೂಷನ್, ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಹತ್ತನೇ ತರಗತಿಯವರೆಗೆ ವರ್ಷವರ್ಷ ಏರುವುದನ್ನೂ ಸೇರಿಸಿ, ಎರಡನೆಯ ಮಗುವಿಗೂ ಅಷ್ಟೇ ಆಗುತ್ತದೆಯೇ ಎಂದು ಕೇಳಬೇಕು. ಆಗುವುದಿಲ್ಲವೆಂದಾದಾಗ ಮಗ ಕಾನ್ವೆಂಟಿಗೆ, ಮಗಳು ಸರ್ಕಾರಿ ಶಾಲೆಗೆ ಎಂದು ಮನೆಯೊಳಗೇ ಹಂಚಿಕೆಯಾಗುವುದನ್ನು ನಮ್ಮ ಬೀದಿಗಳಲ್ಲಿ ಎಷ್ಟು ಬೇಕಾದರೂ ನೋಡಬಹುದು.

ಈ ಮಕ್ಕಳು ಶಾಲೆ ಬಿಡುವುದು ಜೂನ್‌ನಲ್ಲಿ ಅಲ್ಲ, ಎರಡನೇ ಕಂತಿನ ಹೊತ್ತಿಗೆ. ಚೀಟಿ ಎತ್ತಿಯೋ ಓಲೆ ಗಿರವಿಯಿಟ್ಟೋ ಮೊದಲ ಕಂತು ಕಟ್ಟಿರುತ್ತಾರೆ. ನಡುವೆ ಯಾರಿಗೋ ಡೆಂಗಿ ಬರುತ್ತದೆ, ಇಲ್ಲವೇ ಹನ್ನೊಂದು ತಿಂಗಳ ಕರಾರು ಮುಗಿದು ಮನೆಯ ಮಾಲೀಕರು ಬಾಡಿಗೆ ಏರಿಸುತ್ತಾರೆ, ಹೊಸ ಮನೆಗೆ ಅಡ್ವಾನ್ಸ್ ಹೊಂದಿಸಬೇಕಾಗುತ್ತದೆ. ಬಾಕಿ ಉಳಿದ ಮಗುವನ್ನು ಪರೀಕ್ಷೆಗೆ ಕೂರಿಸುವುದಿಲ್ಲ ಎನ್ನುತ್ತಾರೆ, ನಾಚಿಕೆಯಿಂದ ಮಗು ಮನೆಯಲ್ಲೇ ಉಳಿಯುತ್ತದೆ, ಟಿಸಿ ಕೇಳಿದರೆ ಬಾಕಿ ತೀರಿಸಿ ಎನ್ನುತ್ತಾರೆ. ನಮ್ಮ ಬಡಾವಣೆಯ ಆಟೋ ಚಾಲಕರೊಬ್ಬರ ಮಗಳು ಹೀಗೆ ಏಳು ತಿಂಗಳು ಮನೆಯಲ್ಲಿದ್ದಳು. ಆ ಶಾಲೆಯ ಗುಮಾಸ್ತರ ಕಿಟಕಿಯ ಮುಂದೆ ನಾನೂ ಮೂರು ಸಲ ನಿಂತಿದ್ದೇನೆ, ಮೂರು ಸಲವೂ ಬರಿಗೈಯಲ್ಲಿ ಬಂದಿದ್ದೇನೆ. ಆಮೇಲೆ ತಿಳಿದದ್ದು, ನಿಲ್ಲುವ ಅಗತ್ಯವೇ ಇರಲಿಲ್ಲವೆಂದು. ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗುವ ಮಗುವಿಗೆ 5ನೇ ಸೆಕ್ಷನ್ನಿನ ರಕ್ಷಣೆಯಿದೆ; ಟಿಸಿ ಇಲ್ಲದೆಯೇ ಸೇರಿಸಿಕೊಂಡು, ವರ್ಗಾವಣೆಯ ವಿಷಯವನ್ನು ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಲಿಖಿತವಾಗಿ ತಿಳಿಸಿದರೆ ಸಾಕು. ಬಾಕಿ ಹಣದ ವ್ಯಾಜ್ಯ ಶಾಲೆಗೂ ತಂದೆಗೂ ಸೇರಿದ್ದು, ಅದು ಮಗುವಿನ ಓದನ್ನು ಒತ್ತೆಯಿಟ್ಟುಕೊಳ್ಳುವಂತಿಲ್ಲ. ಇಂಗ್ಲಿಷ್ ಮಾಧ್ಯಮವೇ ಬೇಕೆನ್ನುವವರಿಗೆ, 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದಿರುವುದನ್ನು ತಿಳಿಸಿ, ಹತ್ತಿರದ ಯಾವ ಶಾಲೆಯಲ್ಲಿ ಅದಿದೆಯೆಂದು ಬಿಇಒ ಕಚೇರಿಯಲ್ಲಿ ವಿಚಾರಿಸಿ.

ಶಿಕ್ಷಣ ಹಕ್ಕು ಕಾಯಿದೆಯಂತೆ ಬಡ ಮಕ್ಕಳಿಗೆ ಖಾಸಗಿ ಶಾಲೆಯಲ್ಲಿ ಮೀಸಲಾದ ಶೇ. 25ರ ಆರ್‌ಟಿಇ ಸೀಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸರ್ಕಾರಿ ಅಥವಾ ಅನುದಾನಿತ ಶಾಲೆ ಇರುವ ನೆರೆಹೊರೆಯಲ್ಲಿ ಖಾಸಗಿ ಶಾಲೆಗಳು ಆ ಸೀಟು ಕೊಡಬೇಕಾಗಿಲ್ಲವೆಂದು 2019-20ರಿಂದ ರಾಜ್ಯದ ನಿಯಮ ಬದಲಾದ ಮೇಲೆ ಬೆಂಗಳೂರಿನಲ್ಲಿ ಉಳಿದಿರುವುದು ಬೆರಳೆಣಿಕೆಯ ಅವಕಾಶ. ಹಣ ಕೊಟ್ಟರೆ ಸೀಟು ಕೊಡಿಸುತ್ತೇನೆ ಎನ್ನುವ ದಲ್ಲಾಳಿಗಳನ್ನು ಮಾತ್ರ ಹತ್ತಿರ ಸೇರಿಸಬೇಡಿ. ಆ ಹಂಚಿಕೆ ಆನ್‌ಲೈನ್ ಲಾಟರಿಯಿಂದ ಆಗುವುದು.

ಶಾಲೆಯ ಕೊಠಡಿಯಲ್ಲಿ

ತಂದೆತಾಯಿಯನ್ನು ಕೇಸು, ದಂಡ ಎಂದು ಹೆದರಿಸುವುದು ತಪ್ಪು. ಮಗುವನ್ನು ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯವೆಂದು ಕಾಯಿದೆಯ 10ನೇ ಸೆಕ್ಷನ್ ಹೇಳುತ್ತದೆ, ಶಿಕ್ಷೆಯನ್ನು ಹೇಳುವುದಿಲ್ಲ; 'ಕಡ್ಡಾಯ' ಎಂಬುದರ ಭಾರವನ್ನು ಅದು ಸರ್ಕಾರದ ಮೇಲೆ ಹೊರಿಸಿದೆ. ಹೆದರಿಸಿದರೆ ಮರುದಿನ ಆ ಶೆಡ್ಡು ಖಾಲಿಯಾಗಿರುತ್ತದೆ, ಅಷ್ಟೇ. ಹದಿನಾಲ್ಕರೊಳಗಿನ ಮಗುವನ್ನು ದುಡಿಮೆಗೆ ಇಟ್ಟುಕೊಂಡ ಮಾಲೀಕರಿದ್ದರೆ ಆ ಮಾತೇ ಬೇರೆ, ಅಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ಕರೆಮಾಡಲು ಹಿಂಜರಿಯಬೇಡಿ.

ಮುಖ್ಯ ಶಿಕ್ಷಕರ ಜೊತೆಗೂ ಕಾಯಿದೆಯ ಪುಸ್ತಕ ಹಿಡಿದು ಜಗಳಕ್ಕೆ ನಿಲ್ಲಬೇಡಿ. ಮಕ್ಕಳ ಸಂಖ್ಯೆ ಇಳಿದರೆ ಶಿಕ್ಷಕರನ್ನು ಹೆಚ್ಚುವರಿಯೆಂದು ಬೇರೆಡೆಗೆ ಕಳಿಸುತ್ತಾರಾದ್ದರಿಂದ ಹೊಸ ಮಗುವನ್ನು ಬೇಡವೆನ್ನಲು ಅವರಿಗೂ ಮನಸ್ಸಿರುವುದಿಲ್ಲ. ಅವರ ಆತಂಕವೆಂದರೆ ಸೇರಿಸಿಕೊಂಡ ಮಗು ಮೂರು ತಿಂಗಳಲ್ಲಿ ಹೇಳದೆ ಹೋಗಿಬಿಟ್ಟು, ಗೈರುಹಾಜರಿಗೆ ತಾವು ಉತ್ತರಿಸಬೇಕಾಗುವುದು. ಕುಟುಂಬ ಎಷ್ಟು ತಿಂಗಳು ಇಲ್ಲಿರುತ್ತದೆ, ಮೇಸ್ತ್ರಿ ಯಾರು, ಯಾರ ಫೋನಿಗೆ ಕರೆ ಮಾಡಬೇಕು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟರೆ ಅರ್ಧ ಆತಂಕ ಕಡಿಮೆಯಾಗುತ್ತದೆ. ವಿಳಾಸದ ಪುರಾವೆ ಕೇಳಿದರೆ, ಈ ಮಗು ಇಂತಹ ಕಡೆ ವಾಸವಾಗಿದೆ ಎಂದು ಎಸ್‌ಡಿಎಂಸಿ ಸದಸ್ಯರೋ ಅಂಗನವಾಡಿ ಕಾರ್ಯಕರ್ತೆಯೋ ಬರೆದುಕೊಟ್ಟ ಎರಡು ಸಾಲಿನ ಪತ್ರವನ್ನು ಮುಂದಿಡಿ. ಇಷ್ಟಾದರೂ ನಿರಾಕರಿಸಿದರೆ, ನಿರಾಕರಣೆಯನ್ನು ಬರೆದುಕೊಡಿ ಎಂದು ವಿನಯದಿಂದ ಕೇಳಿ, ಬರೆದುಕೊಡುವವರು ಅಪರೂಪ. ನಂತರ ಸಿಆರ್‌ಪಿ, ಅವರ ಮೇಲೆ ಬಿಇಒ, ಕೊನೆಗೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ, ಈ ಕ್ರಮದಲ್ಲಿ ಹೋಗಬೇಕು.

ಮೊದಲ ತಿಂಗಳು, ಆಮೇಲೆ ಊರಿಗೆ ಹೊರಡುವ ದಿನ

ರಿಜಿಸ್ಟರಿನಲ್ಲಿ ಹೆಸರು ಬಂದ ದಿನ ಫೋಟೋ ತೆಗೆಸಿಕೊಂಡು ಮನೆಗೆ ಹೋಗುವವರು ಬಹಳ. ಬಡ ಮನೆಯ ಮಗು ಶಾಲೆ ಬಿಡುವುದಿದ್ದರೆ ಹೆಚ್ಚಾಗಿ ಆಮೇಲಿನ ಮೂರು ವಾರಗಳಲ್ಲಿ, ಮತ್ತು ಸಣ್ಣ ಕಾರಣಗಳಿಗೆ. ವರ್ಷದ ನಡುವೆ ಸೇರಿದವರಿಗೆ ಸಮವಸ್ತ್ರ ತಕ್ಷಣ ಸಿಗದಿರಬಹುದು, ಬಣ್ಣದ ಅಂಗಿಯಲ್ಲಿ ಒಂದೇ ಮಗು ಕುಳಿತಿದ್ದರೆ ಅದು ನಾಳೆ ಬರುವುದಿಲ್ಲವೆಂದು ಅಳುತ್ತದೆ. ಮೇಲಿನ ತರಗತಿಗೆ ಹೋದ ಮಕ್ಕಳ ಹಳೆಯ ಸಮವಸ್ತ್ರವನ್ನು ಒಗೆದು ಮಡಿಸಿ ಶಾಲೆಯ ಬೀರುವಿನಲ್ಲಿ ಇಟ್ಟಿರುವ ಏರ್ಪಾಡು ಇದ್ದರೆ ಅಂದೇ ಒಂದು ಜೊತೆ ಕೈಗೆ ಸಿಗುತ್ತದೆ. ಸೋಮವಾರದ ಹಾಜರಿಯನ್ನು ವಿಶೇಷವಾಗಿ ನೋಡಿ, ಭಾನುವಾರ ಸಂತೆಗೋ ನೆಂಟರ ಮನೆಗೋ ಹೋದವರು ಹಿಂದಿರುಗಿರುವುದಿಲ್ಲ. ಎರಡು ದಿನ ಬಾರದಿದ್ದರೆ ಮನೆಯ ಕಡೆ ಹೋಗಿಬನ್ನಿ, ವಾರ ಕಾಯಬೇಡಿ. ಕಟ್ಟಡ ಕಾರ್ಮಿಕರಾಗಿದ್ದರೆ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡು ಮಕ್ಕಳ ಓದಿಗೆ ಸಹಾಯಧನಕ್ಕೆ ಅರ್ಜಿ ಹಾಕಬಹುದು; ನಾಡಕಚೇರಿಯ ಆದಾಯ ಮತ್ತು ಜಾತಿ ಪ್ರಮಾಣಪತ್ರಗಳನ್ನೂ ಈ ಅವಧಿಯಲ್ಲೇ ಮಾಡಿಸಿಡಿ. ಇವು ಯಾವುವೂ ಪ್ರವೇಶಕ್ಕೆ ಷರತ್ತಲ್ಲ, ಆದ್ದರಿಂದ ಪ್ರವೇಶಕ್ಕಿಂತ ಮೊದಲು ಇವುಗಳ ಹಿಂದೆ ಅಲೆಯಬೇಡಿ.

ಮಾರ್ಚ್ ಬಂತೆಂದರೆ ಊರಿಗೆ ಹೊರಡುವ ಮಾತು ಶೆಡ್ಡಿನಲ್ಲಿ ಆರಂಭವಾಗುತ್ತದೆ. ಆಗ ತಾಯಿಯನ್ನು ಶಾಲೆಗೆ ಕರೆಸಿ, ಮಗುವಿನ ಎಸ್‌ಎಟಿಎಸ್ ಸಂಖ್ಯೆ, ಈ ಶಾಲೆಯ ಹೆಸರು, ಮುಖ್ಯ ಶಿಕ್ಷಕರ ಫೋನ್ ನಂಬರು, ಇಷ್ಟನ್ನು ದಪ್ಪ ಅಕ್ಷರದಲ್ಲಿ ಒಂದು ರಟ್ಟಿನ ಮೇಲೆ ಬರೆಸಿ, ತಾಯಿ ಕಾರ್ಡು ಇಡುವ ಪ್ಲಾಸ್ಟಿಕ್ ಕವರಿನಲ್ಲೇ ಸೇರಿಸಿ ಕೊಡಿ. ಊರಿನ ಶಾಲೆಗೆ ಫೋನ್ ಮಾಡಿ, ಇಂತಹ ಮಗು ಜೂನ್‌ನಲ್ಲಿ ಬರುತ್ತದೆ, ಇಲ್ಲಿ ಇಷ್ಟನೇ ಮೆಟ್ಟಿಲಿನವರೆಗೆ ಕಲಿತಿದೆ ಎಂದು ಹೇಳಿಸಿ. ಲಾರಿ ಹೊರಡುವುದು ಸಾಮಾನ್ಯವಾಗಿ ರಾತ್ರಿ. ಹೇಳದೇ ಹೊರಟುಬಿಟ್ಟಿದ್ದರೆ ಮೇಸ್ತ್ರಿಯ ನಂಬರು ನಿಮ್ಮ ಚೀಟಿಯಲ್ಲಿದೆ, ಮರುದಿನ ಅವನಿಗೆ ಕರೆಮಾಡಿ.